ನಲವತ್ತು ಮನೆಯ ಸೊಪ್ಪಿನ ಬೆಟ್ಟ, ಒಂದೇ ಹಳ್ಳ: ಕೂಡಿ ಕಾಯುವುದು ಹೇಗೆ?

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಮೂರು ಮಜರೆಗಳು. ಊರ ಹಳ್ಳ ಹಿಂದೆ ಮೇ ತಿಂಗಳವರೆಗೂ ಹರಿಯುತ್ತಿತ್ತು, ಈಗ ಶಿವರಾತ್ರಿ ಹೊತ್ತಿಗೆ ಬತ್ತುತ್ತಿದೆ. ಮೇಲಿನ ಗುಡ್ಡದಲ್ಲಿ ಸುಮಾರು 40 ಮನೆಗಳ ಸೊಪ್ಪಿನ ಬೆಟ್ಟ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು), ಸ್ವಲ್ಪ ಬೇಣ (ಹುಲ್ಲುಗಾವಲು), ಒಂದು ದೇವರಕಾನು (ದೇವರಿಗೆ ಬಿಟ್ಟ ಕಾಡು), ನೆತ್ತಿಯಲ್ಲಿ ಅರಣ್ಯ ಇಲಾಖೆಯ ಅಕೇಶಿಯಾ ಇದೆ. ಎಲ್ಲರೂ ಸೇರಿ ಗುಡ್ಡ ಉಳಿಸಬೇಕು ಎಂದು ಸಭೆ ಮಾಡುತ್ತೇವೆ, ಆಮೇಲೆ ಏನೂ ಆಗುವುದಿಲ್ಲ. ಇಂಗುಗುಂಡಿ ತೋಡಿಸಿದರೆ ಸಾಕೇ? ಕಷ್ಟ ಮೇಲಿನವರಿಗೆ, ನೀರು ಕೆಳಗಿನವರಿಗೆ ಎಂಬ ತಕರಾರಿಗೆ ಏನು ಪರಿಹಾರ? ಫಲ ಕಾಣಲು ಎಷ್ಟು ವರ್ಷ ಬೇಕು?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದ್ದೇ ದೊಡ್ಡದು. ಮೇಲಿನವರು ಬಿಟ್ಟುಕೊಡುವುದಕ್ಕೂ ಕೆಳಗಿನವರು ಪಡೆಯುವುದಕ್ಕೂ ತಾಳೆಯಾಗದಿದ್ದರೆ ಗುಂಡಿ ತೋಡಿದರೂ ಗಿಡ ನೆಟ್ಟರೂ ಎರಡು ಮಳೆಗಾಲ ದಾಟುವುದಿಲ್ಲ. ಸಭೆಯ ನಂತರ ಏನೂ ಆಗದಿರುವುದಕ್ಕೆ ಜನರ ಅಸಡ್ಡೆ ಕಾರಣವಲ್ಲ. ‘ಗುಡ್ಡ ಉಳಿಸೋಣ’ ಎಂಬ ಠರಾವಿನಲ್ಲಿ ಯಾರು, ಯಾವ ಸರ್ವೆ ನಂಬರಿನಲ್ಲಿ, ಏನನ್ನು, ಎಷ್ಟು ಬಿಡಬೇಕು, ಅದಕ್ಕೆ ಬದಲು ಏನು ಸಿಗುತ್ತದೆ ಎಂಬುದು ಬರೆದಿರುವುದಿಲ್ಲ. ಈ ಉತ್ತರದ ಹೆಚ್ಚಿನ ಪಾಲು ಅದಕ್ಕೇ ಮೀಸಲು. ಮೊದಲು ಇಂಗುಗುಂಡಿಯ ಲೆಕ್ಕ ನೋಡೋಣ.

ಗುಂಡಿ ಹಿಡಿಯುವ ನೀರು, ನೆಲ ಕುಡಿಯುವ ನೀರು

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರಾಗುತ್ತದೆ. ನಿಮ್ಮ ಕಡೆ ವರ್ಷಕ್ಕೆ 2,500 ಮಿ.ಮೀ. ಆಸುಪಾಸು ಮಳೆ ಎಂದುಕೊಂಡರೆ ಎಕರೆಗೆ ಒಂದು ಕೋಟಿ ಲೀಟರ್. ಈಗ 10 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳದ ಒಂದು ಇಂಗುಗುಂಡಿ ತೆಗೆದುಕೊಳ್ಳಿ. ಅದು ತುಂಬಿದಾಗ ಹಿಡಿಯುವುದು ಸುಮಾರು 1,100 ಲೀಟರ್. ಎಕರೆಗೆ 40 ಗುಂಡಿ ತೋಡಿದರೂ 44,000 ಲೀಟರ್, ಅಂದರೆ 11 ಮಿ.ಮೀ. ಮಳೆ. ಆಷಾಢದಲ್ಲಿ ಒಂದೇ ದಿನ 100 ಮಿ.ಮೀ. ಸುರಿದರೆ ಎಕರೆಗೆ ನಾಲ್ಕು ಲಕ್ಷ ಲೀಟರ್ ಬೀಳುತ್ತದೆ. ಗುಂಡಿ ಬೆಳಗಿನ ಮೊದಲ ಸುರಿತಕ್ಕೇ ತುಂಬಿ ಉಳಿದದ್ದನ್ನೆಲ್ಲ ಹರಿಯಬಿಡುತ್ತದೆ. ಬಯಲುಸೀಮೆಯಲ್ಲಿ, ವರ್ಷಕ್ಕೆ 600 ಮಿ.ಮೀ. ಬಿಟ್ಟು ಬಿಟ್ಟು ಬೀಳುವಲ್ಲಿ, ಇದೇ ಗುಂಡಿಯ ಬೆಲೆ ಬೇರೆ. ಅಲ್ಲಿನ ಲೆಕ್ಕವನ್ನು ಮಲೆನಾಡಿಗೆ ಹೊತ್ತು ತರಬಾರದು.

ಇಲ್ಲಿ ಕೆಲಸ ಮಾಡುವುದು ಇಡೀ ನೆಲ. ದರಕು, ಅಂದರೆ ಉದುರಿದ ಒಣ ಎಲೆ, ಹಾಸಿಕೊಂಡ ಕಾನಿನಲ್ಲಿ ಹನಿಯ ಪೆಟ್ಟು ಎಲೆಯ ಮೇಲೆ ಬೀಳುತ್ತದೆ. ಅದರಡಿಯ ಮಣ್ಣಿನಲ್ಲಿ ಎರೆಹುಳು, ಗೆದ್ದಲು, ಕೊಳೆತ ಬೇರುಗಳು ಬಿಟ್ಟುಹೋದ ಕೊಳವೆಗಳ ಮೂಲಕ ನೀರು ಇಳಿಯುತ್ತದೆ. ವರ್ಷ ವರ್ಷವೂ ಹಿಡಿ (ಪೊರಕೆ) ಹಾಕಿ ಗುಡಿಸಿದ, ದನ ತುಳಿದು ಗಟ್ಟಿಯಾದ ಬೆಟ್ಟದಲ್ಲಿ ಅದೇ ಹನಿ ನೇರ ಮಣ್ಣಿಗೆ ಬಡಿದು, ನುಣುಪು ಮಣ್ಣು ರಂಧ್ರಗಳನ್ನು ಮುಚ್ಚಿ, ನೀರು ಮೇಲಿಂದ ಮೇಲೇ ಜಾರುತ್ತದೆ. ಜೂನ್–ಜುಲೈನಲ್ಲಿ ನಿಮ್ಮ ಹಳ್ಳ ಪ್ರತಿ ಮಳೆಗೂ ಕೆಂಪಾಗಿ ಉಕ್ಕಿ ಎರಡು ಗಂಟೆಯಲ್ಲಿ ಇಳಿದುಹೋಗುತ್ತಿದ್ದರೆ ಕಾರಣ ಇದೇ. ಉತ್ತರ ಕನ್ನಡದ ಕರಾವಳಿ ಮತ್ತು ಮಲೆನಾಡಿನಲ್ಲಿ ಸಂಶೋಧಕರು ನೆಲದ ಇಂಗುವ ಗುಣವನ್ನು ಅಳೆದಾಗ ಸಹಜ ಕಾಡು ಮೇಲೆ, ಬೋಳು ಗುಡ್ಡದಲ್ಲಿ ಬೆಳೆಸಿದ ಅಕೇಶಿಯಾ ನಡುವೆ, ಸವೆದ ಮೇವಿನ ನೆಲ ಕೆಳಗೆ ನಿಂತಿತ್ತು. ಶರಾವತಿ ಮತ್ತು ಅಘನಾಶಿನಿ ಸೀಮೆಯ ಹಳ್ಳಗಳನ್ನು ನೋಡಿದ ಭಾರತೀಯ ವಿಜ್ಞಾನ ಸಂಸ್ಥೆಯ ತಂಡದ ಮಾತೂ ಇದಕ್ಕೆ ಹೊಂದುತ್ತದೆ: ಹಳ್ಳದ ಜಲಾನಯನದಲ್ಲಿ ಶೇ 60ಕ್ಕಿಂತ ಹೆಚ್ಚು ಭಾಗ ಸ್ಥಳೀಯ ಗಿಡಮರಗಳಿದ್ದರೆ ಅದು ವರ್ಷವಿಡೀ ಹರಿಯುತ್ತದೆ.

ಇದನ್ನು ಸಭೆಯಲ್ಲಿ ಬಾಯಲ್ಲಿ ಹೇಳುವ ಬದಲು ಗುಡ್ಡದಲ್ಲೇ ತೋರಿಸಿ. ಆರು ಇಂಚು ವ್ಯಾಸದ ಪಿವಿಸಿ ಪೈಪಿನಿಂದ ಒಂದಡಿ ತುಂಡು ಕತ್ತರಿಸಿ. ದೇವರಕಾನಿನಲ್ಲಿ ಮೂರು ಕಡೆ, ಗುಡಿಸಿದ ಬೆಟ್ಟದಲ್ಲಿ ಮೂರು ಕಡೆ ಅದನ್ನು ಎರಡು ಇಂಚು ನೆಲಕ್ಕೆ ಹೊಡೆಯಿರಿ. ಒಮ್ಮೆ ನೀರು ಹೊಯ್ದು ಇಂಗಲು ಬಿಡಿ, ಏಕೆಂದರೆ ಒಣಮಣ್ಣು ಮೊದಲ ಸಲ ಎಲ್ಲಿಯಾದರೂ ಬೇಗ ಹೀರುತ್ತದೆ. ಎರಡನೆಯ ಸಲ ಒಳಗೆ ಎರಡು ಇಂಚು ನೀರು ನಿಲ್ಲಿಸಿ ಪೂರ್ತಿ ಇಳಿಯಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದುಕೊಳ್ಳಿ. ಎರಡೂ ಜಾಗದ ನಿಮಿಷಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಭಾಷಣ ಬೇಕಾಗುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಮರ ನೀರನ್ನು ಇಂಗಿಸುವಂತೆಯೇ ಕುಡಿಯುತ್ತದೆ ಕೂಡ. ಬೇಗ ಬೆಳೆಯುವ ಒಂದೇ ಜಾತಿಯ ಗಿಡವನ್ನು ಒತ್ತಾಗಿ ನೆಟ್ಟರೆ ಮೊದಲ ಹತ್ತು ಹದಿನೈದು ವರ್ಷ ಬೇಸಗೆಯ ಹರಿವು ಕಡಿಮೆಯಾಗುವುದೂ ಉಂಟು. ಆಳವಾದ ಮಣ್ಣಿರುವಲ್ಲಿ ಇಂಗುವ ಲಾಭ ದೊಡ್ಡದು, ಜಂಬಿಟ್ಟಿಗೆ ಕಲ್ಲಿನ ಮೇಲೆ ಗೇಣುದ್ದ ಮಣ್ಣಿರುವ ಬೇಣದಲ್ಲಿ ಅಲ್ಲ. ಹಾಗಾಗಿ ಬೇಣವನ್ನು ಹುಲ್ಲಾಗಿಯೇ ಉಳಿಸಿ. ಅಲ್ಲಿ ಗಿಡ ತುಂಬುವುದರಿಂದ ನೀರು ಹೆಚ್ಚುವ ಭರವಸೆಯಿಲ್ಲ, ಮೇವು ಹೋಗುವುದಂತೂ ಖಂಡಿತ.

ತಪ್ಪು ಗುಡ್ಡದ್ದೊಂದೇ ಅಲ್ಲ

ಹಳ್ಳ ಬತ್ತಿದರೆ ಎಲ್ಲರ ಬೆರಳೂ ಮೇಲಿನ ಬೆಟ್ಟದ ಕಡೆ ತಿರುಗುತ್ತದೆ. ಕೆಳಗೆ ಏನಾಗಿದೆ ಎಂದೂ ನೋಡಬೇಕು. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 550 ಅಡಿಕೆ ಮರ. ಹನಿ ನೀರಾವರಿಯಲ್ಲಿ ಬೇಸಗೆಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು, ಅಂದರೆ ಎಕರೆಗೆ ಒಂಬತ್ತರಿಂದ ಹನ್ನೊಂದು ಸಾವಿರ ಲೀಟರ್. ಬುಡಕ್ಕೆ ಹಾಯಿಸುವ ಪದ್ಧತಿಯಲ್ಲಿ ನಾಲ್ಕು ದಿನಕ್ಕೊಮ್ಮೆ ಮರಕ್ಕೆ 175 ಲೀಟರ್, ಅಂದರೆ ದಿನಕ್ಕೆ ಎರಡು ಪಟ್ಟಿಗಿಂತ ಹೆಚ್ಚು. ಸೆಕೆಂಡಿಗೆ ಅರ್ಧ ಲೀಟರ್ ಹರಿಯುವ ಹಳ್ಳ ದಿನಕ್ಕೆ ಕೊಡುವುದು 43,000 ಲೀಟರ್. ಅದು ಹನಿಯಲ್ಲಾದರೆ ನಾಲ್ಕು ಎಕರೆಗೆ ಸಾಕು, ಹಾಯಿಸುವುದಾದರೆ ಎರಡು ಎಕರೆಗೂ ಸಾಲದು. ಕಳೆದ ಇಪ್ಪತ್ತು ವರ್ಷಗಳಲ್ಲಿ ನಿಮ್ಮ ಹಳ್ಳದ ಪಕ್ಕ ಎಷ್ಟು ಗದ್ದೆ ತೋಟವಾಯಿತು, ಎಷ್ಟು ಮೋಟಾರು ಕೂತವು ಎಂದು ಪಟ್ಟಿ ಮಾಡಿ. ಗದ್ದೆ ಜೂನ್‌ನಿಂದ ಅಕ್ಟೋಬರ್‌ವರೆಗೆ ನೀರು ನಿಲ್ಲಿಸಿ ನಿಧಾನ ಬಸಿಯುತ್ತಿತ್ತು. ಅದೇ ಜಾಗದ ತೋಟ ಆಳದ ಬಸಿಗಾಲುವೆಯಿಂದ ಮಳೆನೀರನ್ನು ಬೇಗ ಹೊರಹಾಕಿ, ಬೇಸಗೆಯಲ್ಲಿ ಹಳ್ಳವನ್ನೇ ಕೇಳುತ್ತದೆ. ಕೆಳಗಿನವರ ಪಂಪಿಗೆ ನಿಯಮವಿಲ್ಲದೆ ಮೇಲಿನವರ ಕತ್ತಿಗೆ ಮಾತ್ರ ನಿಯಮ ಹಾಕಿದರೆ ಒಪ್ಪಂದ ಮೊದಲ ದಿನವೇ ಅನ್ಯಾಯವಾಗುತ್ತದೆ.

ಹರಿವನ್ನು ಅಳೆಯುವುದು ಸುಲಭ. ಸಣ್ಣ ಒರತೆಗೆ ಪೈಪು ಇಟ್ಟು 15 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಎಂದು ನೋಡಿ. ಮೂವತ್ತು ಸೆಕೆಂಡ್ ಆದರೆ ಅದು ಅರ್ಧ ಲೀಟರಿನ ಹರಿವು. ಹಳ್ಳಕ್ಕೆ ಅಡ್ಡಲಾಗಿ, 90 ಡಿಗ್ರಿ ಕೋನದ ‘ವಿ’ ಆಕಾರದ ಕಚ್ಚು ಕತ್ತರಿಸಿದ ತಗಡಿನ ಹಲಗೆ ನಿಲ್ಲಿಸಿ, ಅಕ್ಕಪಕ್ಕ ಮತ್ತು ಅಡಿಯನ್ನು ಜೇಡಿಮಣ್ಣಿನಿಂದ ಮುಚ್ಚಿ. ಹಲಗೆಯಿಂದ ಎರಡು ಅಡಿ ಹಿಂದೆ, ಕಚ್ಚಿನ ತಳದ ಮಟ್ಟದಿಂದ ನೀರಿನ ಎತ್ತರ ಅಳೆಯಿರಿ. ಐದು ಸೆಂ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 0.8 ಲೀಟರ್, ಹತ್ತು ಸೆಂ.ಮೀ. ಇದ್ದರೆ ಸುಮಾರು 4.4 ಲೀಟರ್. ನವೆಂಬರಿನಿಂದ ಪ್ರತಿ ಭಾನುವಾರ ಒಂದೇ ಹೊತ್ತಿಗೆ, ಮೋಟಾರುಗಳು ಶುರುವಾಗುವ ಮೊದಲು, ಒಬ್ಬರು ಬರೆದರೆ ಸಾಕು. ಮಕ್ಕಳಿಗೂ ಒಪ್ಪಿಸಬಹುದಾದ ಕೆಲಸ ಇದು.

ಹಳ್ಳದ ಗಡಿ ಗುರುತಿಸುವುದು

ಊರಿನ ಗಡಿ, ಬೆಟ್ಟದ ಹದ್ದು, ಇಲಾಖೆಯ ಗಡಿಕಲ್ಲು ಯಾವುದೂ ನೀರಿನ ಗಡಿಯಲ್ಲ. ಹಳ್ಳಕ್ಕೆ ನೀರು ಕೊಡುವ ಗುಡ್ಡದ ಅಂಚನ್ನು ಒಮ್ಮೆ ಜೋರು ಮಳೆಯಲ್ಲೇ ನಡೆದು ಗುರುತಿಸಬೇಕು. ದಿಬ್ಬದ ಮೇಲೆ ನೀರು ಎಲ್ಲಿ ಆಚೆಗೆ, ಎಲ್ಲಿ ಈಚೆಗೆ ತಿರುಗುತ್ತದೆ ಎಂಬುದು ಆಗ ಮಾತ್ರ ಕಣ್ಣಿಗೆ ಕಾಣುತ್ತದೆ. ಮರಗಳಿಗೆ ಬಣ್ಣದ ಗುರುತು ಹಾಕಿ, ಫೋನಿನಲ್ಲಿ ಜಿಪಿಎಸ್ ದಾರಿ ದಾಖಲಿಸಿ. ಆಮೇಲೆ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಆ ಗೆರೆಯೊಳಗೆ ಬರುವ ಸರ್ವೆ ನಂಬರುಗಳನ್ನು ಬರೆದುಕೊಳ್ಳಿ. ಹೀಗೆ ಮಾಡಿದಾಗ ಸಭೆಗೆ ಎಂದೂ ಬಾರದ ಆಚೆ ಊರಿನ ಎರಡು ಮೂರು ಮನೆಗಳ ಬೆಟ್ಟ ಒಳಗೆ ಬರುವುದು, ಸಭೆಯಲ್ಲಿ ಜೋರಾಗಿ ಮಾತಾಡುವ ಕೆಲವರ ಬೆಟ್ಟ ಹೊರಗೆ ಉಳಿಯುವುದು ಸಾಮಾನ್ಯ. ಆಚೆ ಊರಿನವರನ್ನು ಬಿಟ್ಟರೆ ಅವರ ದರಕಿನ ಬೆಂಕಿ ನಿಮ್ಮ ಗುಡ್ಡಕ್ಕೆ ಬರುತ್ತದೆ.

ನಕ್ಷೆಯಲ್ಲಿ ಮೂರು ಜಾಗಗಳಿಗೆ ಬೇರೆ ಬಣ್ಣ ಕೊಡಿ. ಒಂದು, ಪ್ರತಿ ಒರತೆಯ ಮೇಲ್ಭಾಗದ 100ರಿಂದ 150 ಮೀಟರ್. ಇನ್ನೊಂದು, ಹಳ್ಳದ ಎರಡೂ ದಡಗಳಲ್ಲಿ 15 ಮೀಟರ್. ಮತ್ತೊಂದು ದೇವರಕಾನು, ಜೌಗು ಜಾಗ, ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳ ಜೌಗು ಕಾಡು) ಇದ್ದರೆ ಅದು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿರುವಂಥ ಜಡ್ಡಿಗಳು ಬೇಸಗೆಯ ನೀರನ್ನು ಹಿಡಿದು ಬಿಡುವ ಅತ್ಯುತ್ತಮ ಜಾಗಗಳು. ತೋಟಕ್ಕಾಗಿ ಬಸಿದು ಒಣಗಿಸಿದ ಜಡ್ಡಿಯನ್ನು ಮತ್ತೆ ಕಟ್ಟಲಾಗದು. ಮೊದಲ ಮೂರು ವರ್ಷ ಇಡೀ ಗುಡ್ಡದ ಆಸೆ ಬಿಟ್ಟು ಈ ಮೂರು ಬಣ್ಣಗಳ ಒಳಗೆ ಮಾತ್ರ ಬಿಗಿ ನಿಯಮ ಇಡಿ.

ಬಿಡುವವರು, ಪಡೆಯುವವರು

ಈಗ ಮುಖ್ಯ ಲೆಕ್ಕ. ಗುಡ್ಡ ಏನೇನು ಕೊಡುತ್ತಿದೆ, ಯಾರ ಕೈಗೆ ಸೇರುತ್ತಿದೆ ಎಂದು ಮನೆ ಮನೆಗೆ ಹೋಗಿ ಬರೆಯಿರಿ. ಸೊಪ್ಪು, ದರಕು, ಒಣಸೌದೆ, ಮೇವು, ಬಿದಿರು, ಉಪ್ಪಾಗೆ (ಹುಳಿ ಸಿಪ್ಪೆಯ ಕಾಡುಹಣ್ಣು), ಮುರುಗಲು, ಅಪ್ಪೆಮಿಡಿ, ಜೇನು ಕಣ್ಣಿಗೆ ಕಾಣುವಂಥವು. ಕಾಣದವುಗಳಲ್ಲಿ ಹಳ್ಳದ ನೀರು ಮೊದಲನೆಯದು. ಕಾಡಿನ ತುಡುವೆಯಂಥ ಜೇನ್ನೊಣಗಳಿಲ್ಲದೆ ಏಲಕ್ಕಿ ಸರಿಯಾಗಿ ಕಾಯಿ ಕಟ್ಟುವುದಿಲ್ಲ. ತೋಟದ ನೈರುತ್ಯಕ್ಕೆ ಬೆಟ್ಟದ ಮರಗಳಿಲ್ಲದಿದ್ದರೆ ಇಳಿಹೊತ್ತಿನ ಬಿಸಿಲಿಗೆ ಅಡಿಕೆ ಕಾಂಡ ಸುಟ್ಟು ಸೀಳುತ್ತದೆ. ಇಳಿಜಾರಿನ ಮಣ್ಣನ್ನು ಹಿಡಿದಿರುವುದೂ ಅದೇ ಬೇರು. ಇನ್ನೂ ಕೆಳಗೆ ಹೋದರೆ ನಿಮ್ಮ ಹಳ್ಳ ಸೇರುವ ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪಿ, ಮೀನು ನಂಬಿದ ಕುಟುಂಬಗಳಿವೆ. ಅಳಿವೆಯ ಆ ಜೀವರಾಶಿಗೆ ಸಿಹಿನೀರು ಬೇಕು. 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಳಿವೆ ಅದು.

ಬರೆದು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ: ಕಾಣುವ ವಸ್ತುಗಳು ಬೆಟ್ಟ ಇರುವವರ ಮತ್ತು ಬೆಟ್ಟವೇ ಇಲ್ಲದ ಬಡ ಮನೆಗಳ ಕೈಯಲ್ಲಿ, ಕಾಣದ ಲಾಭ ಹೆಚ್ಚಾಗಿ ಕೆಳಗಿನ ತೋಟದವರ ಪಾಲಿಗೆ. ಕಾಪಾಡುವುದೆಂದರೆ ಮೊದಲಿನವರು ಸ್ವಲ್ಪ ಬಿಡುವುದು. ಹಾಗಾದರೆ ಕೆಳಗಿನಿಂದ ಮೇಲಕ್ಕೆ ಏನಾದರೂ ಹೋಗಲೇಬೇಕು.

ಇದು ಹೊಸ ಯೋಚನೆಯಲ್ಲ. ಹಿಮಾಚಲದ ಪಾಲಂಪುರ ಪಟ್ಟಣಕ್ಕೆ ಬೋಹಲ್ ಎಂಬ ಬುಗ್ಗೆಯಿಂದ ಕುಡಿಯುವ ನೀರು ಬರುತ್ತದೆ. ಅದರ ಮೇಲಿನ ಕಾಡನ್ನು ಕಾಯುವ ಗ್ರಾಮ ಸಮಿತಿಗೆ ವರ್ಷಕ್ಕೆ 10,000 ರೂಪಾಯಿ ಕೊಡುವ ಒಪ್ಪಂದಕ್ಕೆ ಪುರಸಭೆ 2010ರಲ್ಲಿ ಸಹಿ ಹಾಕಿತು. ಮೊತ್ತ ಚಿಕ್ಕದು, ಆದರೆ ನೀರಿಗೂ ಕಾವಲಿಗೂ ಇರುವ ನಂಟನ್ನು ಕಾಗದದ ಮೇಲೆ ಒಪ್ಪಿಕೊಂಡದ್ದು ದೊಡ್ಡದು. ದೊಡ್ಡ ಪ್ರಮಾಣದಲ್ಲಿ ಇದನ್ನೇ ಮಾಡಿದ್ದು ನ್ಯೂಯಾರ್ಕ್ ನಗರ. ನೀರು ಶೋಧಿಸುವ ಸ್ಥಾವರ ಕಟ್ಟಲು 600ರಿಂದ 800 ಕೋಟಿ ಡಾಲರ್ ಬೇಕೆಂಬ ಅಂದಾಜು ಬಂದಾಗ, ಅದರ ಬದಲು ಸುಮಾರು 150 ಕೋಟಿ ಡಾಲರ್ ವೆಚ್ಚದಲ್ಲಿ ಕ್ಯಾಟ್‌ಸ್ಕಿಲ್ ಬೆಟ್ಟಗಳ ಜಲಾನಯನ ಕಾಯುವ ದಾರಿ ಹಿಡಿದು, 1997ರಲ್ಲಿ ಅಲ್ಲಿನ ಊರುಗಳ ಜತೆ ಒಪ್ಪಂದ ಮಾಡಿಕೊಂಡಿತು. ನಗರ ಮೊದಲು ಹೊರಟದ್ದು ನಿಯಮ ಹೇರುವುದಕ್ಕೆ, ಬೆಟ್ಟದ ರೈತರು ಒಪ್ಪಲಿಲ್ಲ. ಒಪ್ಪಿದವರಿಂದ ಮಾತ್ರ ಜಮೀನು ಕೊಳ್ಳುವುದು, ರೈತರೇ ನಡೆಸುವ ಮಂಡಳಿಗೆ ಹಣ ಕೊಡುವುದು ಎಂದಾದ ಮೇಲೆ ಕೆಲಸ ಮುಂದೆ ಹೋಯಿತು. ನಿಮ್ಮ ಮೂರು ಮಜರೆಗಳಿಗೆ ಬೇಕಾದ ಪಾಠ ಅದರಲ್ಲಿ ಇದೊಂದೇ.

ನಿಮ್ಮಲ್ಲಿ ಹೇಗೆ? ಹಳ್ಳದ ನೀರು ಬಳಸುವ ತೋಟ 60 ಎಕರೆ ಎಂದಿಟ್ಟುಕೊಳ್ಳಿ. ಎಕರೆಗೆ ವರ್ಷಕ್ಕೆ 1,500 ರೂಪಾಯಿ ವಂತಿಗೆ ಎಂದರೆ 90,000. ಬೆಂಕಿಯ ನಾಲ್ಕು ತಿಂಗಳಿಗೆ ಒಬ್ಬ ಕಾವಲುಗಾರ, ಉಳಿದದ್ದು ಒರತೆಯ ಮೇಲಿನ ಬೆಟ್ಟಕ್ಕೆ ವಿಶ್ರಾಂತಿ ಕೊಟ್ಟ ಮನೆಗಳಿಗೆ ಗೊಬ್ಬರ ಅಥವಾ ಸೊಪ್ಪಿನ ರೂಪದಲ್ಲಿ. ಇದು ಉದಾಹರಣೆಯ ಅಂಕಿ, ನಿಮ್ಮದನ್ನು ನೀವೇ ಕೂರಿಸಿ. ವಸೂಲಿಗೆ ಮನೆ ಮನೆ ಅಲೆಯಬೇಡಿ. ಅಡಿಕೆ ಮಾರುವ ಸಹಕಾರ ಸಂಘದ ಖಾತೆಯಿಂದ ಸದಸ್ಯರ ಲಿಖಿತ ಒಪ್ಪಿಗೆ ಮೇಲೆ ಕಡಿತ ಮಾಡಿಸುವುದು ಮಲೆನಾಡಿನಲ್ಲಿ ಅತ್ಯಂತ ಸುಲಭದ ದಾರಿ. ಹಳ್ಳದಿಂದ ಗ್ರಾಮ ಪಂಚಾಯತಿಯ ಕುಡಿಯುವ ನೀರಿನ ಯೋಜನೆಗೂ ನೀರು ಹೋಗುತ್ತಿದ್ದರೆ ಪಂಚಾಯತಿಯನ್ನೂ ಪಾಲುದಾರ ಮಾಡಿ.

ಸೊಪ್ಪಿನ ಕೊರತೆ ತುಂಬದೆ ಬೆಟ್ಟ ಬಿಡಿಸಬೇಡಿ

ಇಲ್ಲಿಯೇ ಹೆಚ್ಚಿನ ಪ್ರಯತ್ನಗಳು ಮುರಿದು ಬೀಳುವುದು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂಬುದು ಹಳೆಯ ವ್ಯವಸ್ಥೆ. ಅಷ್ಟು ಇಂದು ಅನೇಕರಿಗೆ ಇಲ್ಲ. ಮರವೊಂದಕ್ಕೆ ವರ್ಷಕ್ಕೆ 12 ಕೆ.ಜಿ. ಹಸಿರು ಸೊಪ್ಪು ಎಂಬ ಶಿಫಾರಸಿನಂತೆ ಎಕರೆಗೆ ಆರೂವರೆ ಟನ್ ಬೇಕು. ಇದರ ಒಂದು ಪಾಲು ತೋಟದಲ್ಲೇ ಇದೆ. ಸೋಗೆ (ಅಡಿಕೆ ಗರಿ), ಹಾಳೆ, ಗೊನೆಯ ಕಸ ಸೇರಿ ಹೆಕ್ಟೇರಿಗೆ ವರ್ಷಕ್ಕೆ ಐದೂವರೆಯಿಂದ ಆರು ಟನ್, ಅಂದರೆ ಎಕರೆಗೆ ಎರಡು ಟನ್ನಿಗೂ ಮಿಗಿಲು. ಅದನ್ನು ಕತ್ತರಿಸಿ ಬುಡಕ್ಕೆ ಹಾಕಿದರೆ ಅಥವಾ ಎರೆಗೊಬ್ಬರ ಮಾಡಿದರೆ ಬೆಟ್ಟದ ಮೇಲಿನ ಒತ್ತಡ ಅಷ್ಟು ಇಳಿಯುತ್ತದೆ. ಕತ್ತರಿಸುವ ಯಂತ್ರವನ್ನು ಕೂಡಿ ಕೊಳ್ಳುವುದು ವಂತಿಗೆ ಹಣದ ಉತ್ತಮ ಬಳಕೆ. ಸ್ವಂತ ಜಮೀನಿನ ಬೇಲಿಗುಂಟ ಗ್ಲಿರಿಸಿಡಿಯಾ ಕೋಲು ನೆಟ್ಟರೆ ಎರಡನೆಯ ವರ್ಷದಿಂದ ಸೊಪ್ಪು ಸಿಗುತ್ತದೆ. ಅದನ್ನು ಬೆಟ್ಟಕ್ಕೆ ಒಯ್ಯಬೇಡಿ.

ಬೆಟ್ಟದಲ್ಲಿ ನಿಯಮ ಹೀಗಿರಲಿ. ಮೂರರಲ್ಲಿ ಒಂದು ಪಾಲು ಮರಗಳನ್ನು ಮಾತ್ರ ಆ ವರ್ಷ ಸವರುವುದು. ಸವರುವಾಗಲೂ ನೆತ್ತಿಯ ಮೂರನೇ ಒಂದು ಭಾಗ ಬಿಡುವುದು, ತುದಿ ಕಡಿಯದಿರುವುದು. ದರಕು ಒಟ್ಟುವಾಗ ನೆಲ ಕೆರೆಯುವ ಹಿಡಿ ಬೇಡ, ಮೇಲಿನ ಪದರ ಮಾತ್ರ ಕೈಯಲ್ಲಿ ಬಾಚುವುದು. ಸಾಲು ಬಿಟ್ಟು ಸಾಲು ಉಳಿಸುವುದು. ಬೇರೆಲ್ಲಕ್ಕಿಂತ ಈ ಕೊನೆಯದೇ ನೀರಿಗೆ ಹೆಚ್ಚು ನೆರವಾಗುತ್ತದೆ.

ತೊಡಕು ಒಂದಿದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಬೆಟ್ಟದ ಒಂದು ಮೂಲೆ ಬಿಟ್ಟರೆ ಹಳ್ಳಕ್ಕೆ ಪ್ರಯೋಜನವಿಲ್ಲ, ಒರತೆಯ ಮೇಲೆ ಒಟ್ಟಾದ ಒಂದು ತುಂಡು ಬೇಕು. ಆ ತುಂಡಿನಲ್ಲಿ ಐದಾರು ಮನೆಗಳ ಇಡೀ ಬೆಟ್ಟ ಸಿಕ್ಕಿಬೀಳಬಹುದು. ಅವರಿಗೆ ಉಳಿದ ಮನೆಗಳ ಬೆಟ್ಟದಲ್ಲಿ ಮೂರು ವರ್ಷದ ಮಟ್ಟಿಗೆ ಇಂತಿಷ್ಟು ಹೊರೆ ಸೊಪ್ಪಿನ ಹಕ್ಕು ಎಂದು ಹೆಸರು ಹಿಡಿದು ಬರೆಯಬೇಕು. ‘ನೋಡೋಣ, ಕೊಡುತ್ತೇವೆ’ ಎಂಬ ಬಾಯಿಮಾತು ಎರಡನೆಯ ವರ್ಷಕ್ಕೆ ಜಗಳವಾಗುತ್ತದೆ. ವಿಶ್ರಾಂತಿಗೆ ಬಿಟ್ಟದ್ದರಿಂದ ಬೆಟ್ಟದ ಹಕ್ಕು ಹೋಗುವುದಿಲ್ಲ ಎಂಬ ವಾಕ್ಯವನ್ನೂ ಸೇರಿಸಿ, ಜನರ ನಿಜವಾದ ಅಂಜಿಕೆ ಅದೇ.

ಬೆಟ್ಟವಿಲ್ಲದ ಮನೆಗಳ ವಿಷಯ ಇನ್ನೂ ಮುಖ್ಯ. ಸೌದೆಗೆ, ದನ ಕುರಿಗೆ ಗುಡ್ಡವನ್ನೇ ನೆಚ್ಚಿದ ಕುಟುಂಬಗಳನ್ನು ಕೇಳದೆ ಬೇಲಿ ಹಾಕಿದರೆ ಅದು ಅವರ ಹೊಟ್ಟೆಯ ಮೇಲೆ ಬೀಳುವ ಪೆಟ್ಟು. ಆ ಬೇಲಿ ಉಳಿಯುವುದೂ ಇಲ್ಲ. ಸೌದೆ ತರುವ ಹೆಂಗಸರಿಗೆ ಯಾವ ದಾರಿ, ಯಾವ ದಿನ, ಎಲ್ಲಿ ಒಣಸೌದೆ ಎಂಬುದು ಗೊತ್ತಿರುವಷ್ಟು ಸಮಿತಿಯ ಅಧ್ಯಕ್ಷರಿಗೆ ಗೊತ್ತಿರುವುದಿಲ್ಲ. ಅವರನ್ನು ಕೂರಿಸಿಕೊಂಡೇ ಮೇವಿನ ದಾರಿ ಮತ್ತು ಸೌದೆಯ ಜಾಗ ಗೊತ್ತು ಮಾಡಿ. ಕಾವಲು, ಸಸಿ ಬೆಳೆಸುವುದು, ಕಟ್ಟ ಕಟ್ಟುವುದು ಮುಂತಾದ ಕೂಲಿಯ ಕೆಲಸ ಮೊದಲು ಈ ಮನೆಗಳಿಗೆ ಹೋಗಲಿ. ಉಪ್ಪಾಗೆ ಕೊಯ್ಲಿನ ಹಕ್ಕನ್ನೂ ಅವರ ಗುಂಪಿಗೆ ಬಿಡಬಹುದು, ಎರಡು ಷರತ್ತಿನೊಂದಿಗೆ: ಕೊಂಬೆ ಕಡಿದು ಕಾಯಿ ಇಳಿಸಬಾರದು, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಸೌದೆ ಕಡಿಮೆ ಸುಡುವ ಸುಧಾರಿತ ಒಲೆ ಬಳಸಬೇಕು. ಒಲೆಯ ಖರ್ಚು ವಂತಿಗೆಯಿಂದ.

ಬರೆದ ನಿಯಮ, ನಡೆಯುವ ನಿಯಮ

ಕುಮಟಾದ ಹಳಕಾರದಲ್ಲಿ ಸ್ವಾತಂತ್ರ್ಯಕ್ಕೂ ಮೊದಲಿನಿಂದ ಊರವರೇ ನಡೆಸಿಕೊಂಡು ಬಂದ ಗ್ರಾಮ ಅರಣ್ಯ ಪಂಚಾಯತಿ ಇದೆ. ಸ್ವಂತ ಕಾವಲುಗಾರ, ಒಣಸೌದೆ–ದರಕಿಗೆ ಸಣ್ಣ ಶುಲ್ಕ, ಚುನಾಯಿತ ಸಮಿತಿ ಇವು ಅದರ ಬೆನ್ನೆಲುಬು. ಒಮ್ಮೆ ಹೋಗಿ ಅವರ ಲೆಕ್ಕದ ಪುಸ್ತಕ ನೋಡಿ ಬನ್ನಿ. ಸಾಮುದಾಯಿಕ ಸಂಪನ್ಮೂಲಗಳ ಅಧ್ಯಯನಕ್ಕೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಾಮ್ ಜಗತ್ತಿನ ಹಲವೆಡೆ ಕಂಡದ್ದೂ ಇಂಥದ್ದನ್ನೇ: ಗಡಿ ಸ್ಪಷ್ಟವಿರಬೇಕು, ನಿಯಮವನ್ನು ಬಳಸುವವರೇ ಮಾಡಿರಬೇಕು, ಕಾವಲು ಅವರದ್ದೇ ಇರಬೇಕು, ದಂಡ ಸಣ್ಣದರಿಂದ ಶುರುವಾಗಿ ಏರಬೇಕು. ಮೊದಲ ತಪ್ಪಿಗೇ ಐದು ಸಾವಿರ ದಂಡ ಎಂದು ಬರೆದರೆ ಅದನ್ನು ಯಾರೂ ವಸೂಲು ಮಾಡುವುದಿಲ್ಲ. ಮೊದಲ ಸಲ ಸಭೆಯಲ್ಲಿ ಹೇಳುವುದು, ಎರಡನೆಯ ಸಲ 100 ರೂಪಾಯಿ, ಮೂರನೆಯ ಸಲ ಆ ವರ್ಷದ ಸೊಪ್ಪಿನ ಪಾಲಿನಲ್ಲಿ ಕಡಿತ ಎಂದರೆ ನಡೆಯುತ್ತದೆ. ಪಂಪಿನ ನಿಯಮವನ್ನೂ ಅದೇ ಕಾಗದದಲ್ಲಿ ಸೇರಿಸಿ. ಹರಿವು ಇಂತಿಷ್ಟಕ್ಕಿಂತ ಇಳಿದರೆ ಸರದಿಯ ಮೇಲೆ ಮೋಟಾರು, ಒರತೆಯಿಂದ ಇಷ್ಟು ದೂರದೊಳಗೆ ಹೊಸ ಕೊಳವೆಬಾವಿ ಇಲ್ಲ, ಅಬ್ಬಿಯ (ಗುಡ್ಡದ ಒರತೆಯಿಂದ ತಾನೇ ಇಳಿದು ಬರುವ ನೀರಿನ) ಪೈಪಿಗೆ ತುದಿಯಲ್ಲಿ ನಲ್ಲಿ ಕಡ್ಡಾಯ.

ಕಾನೂನಿನ ನೆಲೆಯೂ ಗೊತ್ತಿರಲಿ. ಸೊಪ್ಪಿನ ಬೆಟ್ಟದಲ್ಲಿ ನಿಮಗಿರುವುದು ಸೊಪ್ಪು, ದರಕು, ಒಣಸೌದೆಯ ಸವಲತ್ತು. ನೆಲ ಸರ್ಕಾರದ್ದು, ಮರ ಕಡಿಯಲು, ಯಂತ್ರದಿಂದ ಅಗೆಯಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಗ್ರಾಮ ಅರಣ್ಯ ಸಮಿತಿ ಇದ್ದರೆ ನಿಮ್ಮ ನಕ್ಷೆಯನ್ನು ಅದರ ಕಿರುಯೋಜನೆಗೆ ಸೇರಿಸಿ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಒರತೆ, ಜಡ್ಡಿ, ದೇವರಕಾನುಗಳನ್ನು ಅದರ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಸರ್ವೆ ನಂಬರಿನೊಂದಿಗೆ ಬರೆಸಿ. ಮುಂದೆ ರಸ್ತೆಯೋ ಕಲ್ಲುಕ್ವಾರಿಯೋ ಬಂದಾಗ ಇಲ್ಲೊಂದು ಒರತೆ ಇತ್ತು ಎನ್ನಲು ಕೈಯಲ್ಲಿರುವ ಕಾಗದ ಅದೇ.

ಕೈಕೆಲಸಗಳು

ಇಂಗುಗುಂಡಿ ಪೂರ್ತಿ ಬೇಡವೆಂದಲ್ಲ. ಬೋಳಾಗಿ ಗಟ್ಟಿಯಾದ, ಇಳಿಜಾರು ಕಡಿಮೆ ಇರುವ ಕಡೆ ಅದು ದರಕು ಮತ್ತು ಬೀಜ ನಿಲ್ಲುವ ತಾಣವಾಗಿ ಕಾಡು ಮರಳಲು ನೆರವಾಗುತ್ತದೆ. ಎರಡು ಕಾಲು, ಒಂದು ಅಡ್ಡಪಟ್ಟಿ, ತೂಗುಬಿಟ್ಟ ಕಲ್ಲಿನ ದಾರವಿರುವ ಮರದ ಚೌಕಟ್ಟಿನಿಂದ ಸಮಮಟ್ಟ ಗುರುತಿಸಿ, ಒಂದರ ಕೆಳಗೊಂದು ಬಾರದಂತೆ ಬಿಟ್ಟು ಬಿಟ್ಟು ತೋಡಿ. ಮಣ್ಣನ್ನು ಗುಂಡಿಯ ಕೆಳಬದಿಗೆ ಹಾಕಿ. ನೂರು ಅಡಿ ಅಡ್ಡಕ್ಕೆ 25 ಅಡಿಗಿಂತ ಹೆಚ್ಚು ಇಳಿಯುವ ಜಾಗದಲ್ಲಿ, ಹಳೆಯ ಬಿರುಕು ಇರುವಲ್ಲಿ, ಮನೆ–ತೋಟಗಳ ನೇರ ಮೇಲೆ ಮಾತ್ರ ಖಂಡಿತ ತೋಡಬೇಡಿ. ದಪ್ಪ ಮಣ್ಣಿನ ಕಡಿದಾದ ಗುಡ್ಡಕ್ಕೆ ಹೆಚ್ಚು ನೀರು ಕುಡಿಸಿದರೆ ಅದು ಜಾರಬಹುದು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯ ಕುಸಿತ ನಿಮ್ಮ ಜಿಲ್ಲೆಯವರಿಗೆ ನೆನಪಿದೆ. ಒರತೆಯ ಕಣ್ಣನ್ನು ಜೆಸಿಬಿಯಿಂದ ಅಗಲಿಸುವುದೂ ಅಪಾಯವೇ. ನೀರು ಹೊರಬರುವ ಸಂದಿಯ ಮಟ್ಟ ಕೆಳಗಿಳಿದು ಗುಡ್ಡದೊಳಗಿನ ಸಂಗ್ರಹ ಬೇಗ ಖಾಲಿಯಾಗುತ್ತದೆ.

ಹಳ್ಳಕ್ಕೆ ತಾತ್ಕಾಲಿಕ ಕಟ್ಟವನ್ನು ನವೆಂಬರ್ ಕೊನೆಯಿಂದ ಡಿಸೆಂಬರಿನೊಳಗೆ, ಹರಿವು ಇನ್ನೂ ಇರುವಾಗಲೇ ಕಟ್ಟಿ. ಸಿಮೆಂಟಿನ ಖಾಲಿ ಚೀಲಕ್ಕೆ ಮುಕ್ಕಾಲು ಮಣ್ಣು ತುಂಬಿ, ಇಟ್ಟಿಗೆ ಜೋಡಿಸಿದಂತೆ ಸಂದಿ ತಪ್ಪಿಸಿ, ಮೂರು ಅಡಿ ಎತ್ತರ ಸಾಕು. ಕೆಳಗಿನವರಿಗೆ ಹರಿಯಲು ಒಂದು ಕಂಡಿ ಬಿಡಿ. ಮೇ ಕೊನೆಗೆ ಪೂರ್ತಿ ಬಿಚ್ಚಿ, ಇಲ್ಲದಿದ್ದರೆ ಮೊದಲ ಮಳೆಗೆ ಮೇಲೇರುವ ಹತ್ತುಮೀನಿಗೆ ದಾರಿಯಿರುವುದಿಲ್ಲ, ದಡವೂ ಕೊಚ್ಚುತ್ತದೆ.

ಬೆಂಕಿ ಒಂದೇ ಮಧ್ಯಾಹ್ನದಲ್ಲಿ ಐದು ವರ್ಷದ ದರಕನ್ನು ಮುಗಿಸುತ್ತದೆ. ಜನವರಿ ಮುಗಿಯುವುದರೊಳಗೆ ಹತ್ತು ಹನ್ನೆರಡು ಅಡಿ ಅಗಲದ ಬೆಂಕಿರೇಖೆಯನ್ನು ಗುಡ್ಡದ ಅಂಚಿನಲ್ಲಿ, ರಸ್ತೆಯ ಬದಿಯಲ್ಲಿ ಗುಡಿಸಿ. ಆ ಗುಡಿಸಿದ ದರಕನ್ನೇ ಮೊದಲು ತೋಟಕ್ಕೆ ಒಯ್ಯಿರಿ.

ನೆತ್ತಿಯ ಅಕೇಶಿಯಾವನ್ನು ಒಮ್ಮೆಲೇ ತೆಗೆಸಲು ಒತ್ತಾಯಿಸಬೇಡಿ, ಮತ್ತೆ ನೆಲ ಬಯಲಾಗುತ್ತದೆ. ಅದರ ನೆರಳಿನಲ್ಲಿ ಹುಟ್ಟಿರುವ ನೇರಳೆ, ಮತ್ತಿ, ಹೊನ್ನೆ, ಮುರುಗಲುಗಳನ್ನು ಗುರುತಿಸಿ, ಹಂತ ಹಂತವಾಗಿ ಅಕೇಶಿಯಾ ತೆಳುವು ಮಾಡಿ ಆ ಸಸಿಗಳಿಗೆ ಬೆಳಕು ಬಿಡುವಂತೆ ಇಲಾಖೆಯನ್ನು ಕೇಳಿ. ಹೊಸದಾಗಿ ನೆಡುವುದಿದ್ದರೆ ಹಳ್ಳದ ದಡಕ್ಕೆ ಹೊಳೆಮತ್ತಿ, ಹೊಂಗೆ, ಅಪ್ಪೆಮಾವು, ಮುಂಡಿಗೆ, ಮೇಲಕ್ಕೆ ಹಲಸು, ಉಪ್ಪಾಗೆ, ನಂದಿ. ಬೇರು ಮತ್ತು ಬುಡಗಳಿಂದ ತಾನೇ ಚಿಗುರುವ ಬೆಟ್ಟದಲ್ಲಿ ನೆಡುವುದಕ್ಕಿಂತ ಕಾಯುವುದೇ ಅಗ್ಗ.

ಎಷ್ಟು ವರ್ಷ?

ಹನಿ ನೀರಾವರಿ, ಮರದ ಬುಡಕ್ಕೆ ಸೋಗೆ–ದರಕಿನ ಮುಚ್ಚಿಗೆ, ಪಂಪಿನ ಸರದಿಯ ಫಲ ಮೊದಲ ಬೇಸಗೆಯಲ್ಲೇ ಕಾಣುತ್ತದೆ. ಜನರ ಉತ್ಸಾಹ ಉಳಿಯಲು ಆ ಫಲ ಬೇಕು, ಹಾಗಾಗಿ ಅದರಿಂದಲೇ ಶುರು ಮಾಡಿ. ದರಕು ಉಳಿದ ನೆಲದಲ್ಲಿ ಮಳೆನೀರು ಕೆಂಪಾಗುವುದು ಎರಡು ಮೂರು ಮಳೆಗಾಲದಲ್ಲಿ ಕಡಿಮೆಯಾಗುತ್ತದೆ. ಗಟ್ಟಿಯಾದ ಮಣ್ಣು ಸಡಿಲವಾಗಿ ಬೇಸಗೆಯ ಹರಿವು ಬದಲಾಗಲು ಹತ್ತು ವರ್ಷ ಹಿಡಿಯಬಹುದು. ಕೆಲವು ಒರತೆಗಳಿಗೆ ನೀರು ಆಚೆ ಗುಡ್ಡದ ಕಲ್ಲಿನ ಸಂದಿಯಿಂದ ಬರುತ್ತಿರುತ್ತದೆ, ಅಂಥ ಕಡೆ ಈ ಕೆಲಸದಿಂದ ಹೆಚ್ಚೇನೂ ಬದಲಾಗುವುದಿಲ್ಲ.

ಹೋಲಿಸುವಾಗ ‘ಈ ವರ್ಷ ಶಿವರಾತ್ರಿಗೆ ಬತ್ತಿತು, ಕಳೆದ ವರ್ಷ ಹೋಳಿಗೆ’ ಎಂದು ನೋಡಬೇಡಿ, ಮಳೆ ಪ್ರತಿ ವರ್ಷ ಬೇರೆ ದಿನ ನಿಲ್ಲುತ್ತದೆ. ನೇರ ಗೋಡೆಯ ಡಬ್ಬಿಯ ಮಳೆಮಾಪಕವೊಂದನ್ನು ಮೂರು ಮಜರೆಗಳಲ್ಲೂ ಇಟ್ಟು, ಹಿಂಗಾರಿನ ಕೊನೆಯ ಒಳ್ಳೆಯ ಮಳೆ, ಅಂದರೆ 20 ಮಿ.ಮೀ. ದಾಟಿದ ಮಳೆ, ಬಿದ್ದ ದಿನ ಬರೆದಿಡಿ. ಆ ದಿನದಿಂದ ಹರಿವು ಸೆಕೆಂಡಿಗೆ ಅರ್ಧ ಲೀಟರಿಗೆ ಇಳಿಯುವವರೆಗೆ ಎಷ್ಟು ದಿನ ಎಂದು ಪ್ರತಿ ವರ್ಷ ಎಣಿಸಿ. ಒಟ್ಟು ಮಳೆ ಹೆಚ್ಚುಕಡಿಮೆ ಒಂದೇ ಇದ್ದ ಎರಡು ವರ್ಷಗಳನ್ನು ಜೋಡಿ ಮಾಡಿ ಆ ದಿನಗಳನ್ನು ಹೋಲಿಸಿ. ಅದರ ಪಕ್ಕದಲ್ಲೇ ಆ ಬೇಸಗೆ ಎಷ್ಟು ಮೋಟಾರು ಓಡಿದವು ಎಂಬುದೂ ಇರಲಿ.